ರೋಡ್ ಬೈಕು, ಎಂಟಿಬಿ ಎರಡಕ್ಕೂ ಒಂದೇ ಕ್ಲಿಪ್‌ಲೆಸ್ ಶೂ ಸಾಕಾ?

ನಾಲೆ ಏರಿ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದು ರೋಡ್ ಬೈಕು, ಒಂದು ಹಾರ್ಡ್‌ಟೇಲ್ ಎಂಟಿಬಿ (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಬೈಕು) ಇದೆ. ಎರಡಕ್ಕೂ ಈಗ ಮಾಮೂಲಿ ಫ್ಲ್ಯಾಟ್ ಪೆಡಲ್. ರೋಡ್ ಬೈಕಲ್ಲಿ ಮಂಡ್ಯದಿಂದ ಶ್ರೀರಂಗಪಟ್ಟಣ, ಮೈಸೂರು, ಆಗಾಗ ಚಾಮುಂಡಿ ಬೆಟ್ಟ. ಎಂಟಿಬಿಯಲ್ಲಿ ನಾಲೆ ಏರಿ, ಕುಂತಿಬೆಟ್ಟದ ಸುತ್ತಿನ ಮಣ್ಣುದಾರಿ, ಮೇಲುಕೋಟೆ. ಎರಡಕ್ಕೂ ಕ್ಲಿಪ್‌ಲೆಸ್ (ಶೂವನ್ನ ಕಚ್ಚಿ ಹಿಡಿಯೋ ಪೆಡಲ್) ಹಾಕಿಸಬೇಕು ಅಂತಿದ್ದೀನಿ. ಒಂದೇ ಜೊತೆ ಶೂ ಎರಡಕ್ಕೂ ಆಗುತ್ತಾ, ಇಲ್ಲಾ ರೋಡ್ ಬೈಕಿಗೆ ಮೂರು ಬೋಲ್ಟಿನ ಕ್ಲೀಟಿಂದೇ (ಶೂ ತಳಕ್ಕೆ ಕೂರಿಸೋ, ಪೆಡಲು ಕಚ್ಚೋ ತುಂಡು) ಬೇಕಾ? ಕ್ಲೀಟನ್ನ ಮನೆಯಲ್ಲೇ ಕೂರಿಸಬಹುದಾ? ಸಿಗ್ನಲ್ಲಲ್ಲಿ ಕಾಲು ಬಿಡಿಸಿಕೊಳ್ಳಕ್ಕಾಗದೆ ಬೀಳ್ತಾರಂತಲ್ಲ, ಅದನ್ನ ತಪ್ಪಿಸೋದು ಹೇಗೆ?

ಬೆಟ್ಟದ ತಿರುವು (ಮೈಸೂರು):

ನಿಮ್ಮ ಬಳಕೆಗೆ ಎರಡೂ ಬೈಕಿಗೆ ಎರಡು ಬೋಲ್ಟಿನ ಎಸ್‌ಪಿಡಿ (ಶಿಮಾನೊ ಕಂಪನಿಯ ಕ್ಲಿಪ್‌ಲೆಸ್ ಪೆಡಲ್). ಎರಡನೇ ಯೋಚನೆ ಬೇಡ.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ, ಅಂಗಡಿಯಲ್ಲಿ ಇದರಿಂದಲೇ ತಪ್ಪು ಮಾಲು ಕೈಗೆ ಬರೋದು. ಹಿಂದೆ ಬೆರಳಿನ ಮುಂದೆ ಒಂದು ಪಂಜರ, ಅದಕ್ಕೊಂದು ಬೆಲ್ಟು ಇರ್ತಿತ್ತು. ಅದೇ ಟೋ ಕ್ಲಿಪ್. ಆ ಕ್ಲಿಪ್ ಇಲ್ಲ ಅನ್ನೋ ಕಾರಣಕ್ಕೆ ಇದು ಕ್ಲಿಪ್‌ಲೆಸ್; ಶೂ ತಳದ ಕ್ಲೀಟನ್ನ ಪೆಡಲಿನ ಸ್ಪ್ರಿಂಗು ಕಚ್ಚಿ ಹಿಡಿಯುತ್ತೆ. ಲುಕ್ ಕಂಪನಿ 1984ರಲ್ಲಿ ಸ್ಕೀ ಬೂಟಿನ ಕೊಂಡಿಯ ತತ್ವವನ್ನೇ ಪೆಡಲಿಗೆ ತಂದಿತು. ಮರುವರ್ಷ ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಶಿಮಾನೊದ ಎಸ್‌ಪಿಡಿ ಬಂದದ್ದು 1990ರಲ್ಲಿ, ಎಂಟಿಬಿಗೆ ಅಂತಲೇ.

ಮೂರು ಬೋಲ್ಟಿಂದು ಅಗಲವಾದ ಪ್ಲಾಸ್ಟಿಕ್ ಕ್ಲೀಟು, ತಳದಿಂದ ಹೊರಕ್ಕೆ ಉಬ್ಬಿರುತ್ತೆ. ನಡೆದರೆ ಸವೆಯುತ್ತೆ, ಟೈಲ್ಸ್ ಮೇಲೆ ಜಾರುತ್ತೆ. ಎರಡು ಬೋಲ್ಟಿಂದು ಚಿಕ್ಕ ಉಕ್ಕಿನ ತುಂಡು. ರಬ್ಬರ್ ತಳದ ಕುಳಿಯೊಳಗೆ ಅಡಗಿರುತ್ತೆ, ಆರಾಮಾಗಿ ನಡೀಬಹುದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ ಸೈಕಲ್ ಬಿಡೋದಿಲ್ಲ. ಅಂದ್ರೆ ನೀವು ಮಂಡ್ಯದಿಂದ ಮೈಸೂರಿಗೆ ಪೂರ್ತಿ ಸರ್ವಿಸ್ ರಸ್ತೆಯಲ್ಲೇ. ಅಲ್ಲಿ ಹಂಪು, ಅಡ್ಡ ಬರೋ ದನ, ಕಬ್ಬಿನ ಗಾಡಿ, ಕಾಲು ಕೆಳಗಿಡಬೇಕಾದ ಜಾಗ ಲೆಕ್ಕವಿಲ್ಲದಷ್ಟು. ಎಂಟಿಬಿ ಎಸ್‌ಪಿಡಿ ಪೆಡಲಿಗೆ ಎರಡು ಮುಖಾನೂ ಕಚ್ಚುತ್ತೆ, ನೋಡದೆ ತುಳಿದರೂ ಕೂರುತ್ತೆ. ಮೂರು ಬೋಲ್ಟಿನ ಪೆಡಲಿಗೆ ಒಂದೇ ಮುಖ. ಅದರ ಹಿಂಭಾಗ ಭಾರ, ಮೂತಿ ಮೇಲಾಗಿ ತೂಗಾಡ್ತಿರುತ್ತೆ. ಪ್ರತಿ ಸಲವೂ ಶೂ ಮೂತಿಯಿಂದ ಅದನ್ನ ಹಿಡೀಬೇಕು.

ಪೆಡಲಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಶಿಮಾನೊ ಎಂ520 ಎರಡೂ ಬೈಕಿಗೆ ಆಗುತ್ತೆ. ಎಂಟಿಬಿಯಲ್ಲಿ ಸುತ್ತ ಕಟ್ಟು ಇರೋದು ಬೇಕು ಅಂದ್ರೆ ಎಂಇ700. ಒಂದು ಕಡೆ ಫ್ಲ್ಯಾಟ್, ಒಂದು ಕಡೆ ಎಸ್‌ಪಿಡಿ ಇರೋ ಇಎಚ್500 ಕೂಡ ಇದೆ, ಚಪ್ಪಲಿಯಲ್ಲಿ ಹಾಲು ತರೋಕೂ ಅದೇ ಬೈಕು ಓಡಿಸುವವರಿಗೆ ಅನುಕೂಲ. ಉಳಿದ ದುಡ್ಡನ್ನ ಶೂಗೆ ಹಾಕಿ: ತಳ ಗಟ್ಟಿ ಇರಬೇಕು, ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಸುಲಭಕ್ಕೆ ಬಗ್ಗಬಾರದು. ಸಂಜೆ ಹೊತ್ತಿಗೆ ಪಾದ ಊದಿರುತ್ತೆ, ಆಗಲೇ ಹಾಕಿ ನೋಡಿ.

ಕ್ರ್ಯಾಂಕ್ ಬ್ರದರ್ಸ್ ಕಂಪನಿಯ ಪೆಡಲ್ ಕೆಸರಿಗೆ ಬಹಳ ಒಳ್ಳೇದು, ನಾಲ್ಕು ಕಡೆಯಿಂದಲೂ ಕಚ್ಚುತ್ತೆ. ಆದರೆ ಸ್ಪ್ರಿಂಗ್ ಬಿಗಿ ಬದಲಿಸೋಕೆ ಸ್ಕ್ರೂ ಇಲ್ಲ, ಹಿತ್ತಾಳೆ ಕ್ಲೀಟು ಬೇಗ ಸವೆಯುತ್ತೆ. ಅದರ ಕ್ಲೀಟು ಎಸ್‌ಪಿಡಿಗೆ ಆಗಲ್ಲ, ಎಸ್‌ಪಿಡಿದು ಅದಕ್ಕೆ ಆಗಲ್ಲ. ಒಂದೇ ಶೂ ಬೇಕು ಅಂದ್ರೆ ಎರಡೂ ಬೈಕಿಗೆ ಒಂದೇ ಜಾತಿ ಪೆಡಲ್ ಇರಲಿ.

ಎಡಗಾಲು (ಮೈಸೂರು):

ಮೇಲೆ ಹೇಳಿದ್ದು ಸರಿ. ಆದರೆ ಮೂರು ಬೋಲ್ಟಿಂದು ದಂಡ ಅಂತ ಯಾರೂ ತಿಳ್ಕೋಬಾರದು. ನಿಲ್ಲಿಸದೆ ನೂರಾರು ಕಿ.ಮೀ. ತುಳಿಯುವವರಿಗೆ ಅಗಲ ಕ್ಲೀಟಿನಿಂದ ಪಾದದ ಒತ್ತಡ ಹರಡುತ್ತೆ, ಅದು ನಿಜವಾದ ಲಾಭ. ಮುಂದೆ ಯಾವತ್ತಾದ್ರೂ ಆ ಕಡೆ ಹೋದರೆ ಬಣ್ಣ ನೋಡಿ ತಗೊಳ್ಳಿ. ಶಿಮಾನೊದ ಮೂರು ಬೋಲ್ಟಿನ ಎಸ್‌ಪಿಡಿ-ಎಸ್‌ಎಲ್‌ನಲ್ಲಿ ಹಳದಿ ಅಂದ್ರೆ ಬಿಡಿಸಿಕೊಳ್ಳುವ ಮೊದಲು ಹಿಮ್ಮಡಿ 6 ಡಿಗ್ರಿ ಆಡುತ್ತೆ, ನೀಲಿ 2, ಕೆಂಪು ಅಂದ್ರೆ ಸೊನ್ನೆ. ಲುಕ್ ಕಂಪನಿಯ ಮೂರು ಬೋಲ್ಟಿನ ಕಿಯೊದಲ್ಲಿ ಇದು ಉಲ್ಟಾ: ಕೆಂಪು 9 ಡಿಗ್ರಿ, ಬೂದು 4.5, ಕಪ್ಪು ಸೊನ್ನೆ. ಕೆಂಪು ಕೇಳಿ ತಂದು ಮಂಡಿ ಹಾಳು ಮಾಡಿಕೊಳ್ಳೋದು ಹೀಗೇ. ನೋಡೋಕೆ ಎರಡೂ ಒಂದೇ ಥರ ಕಂಡರೂ ಒಂದರ ಕ್ಲೀಟು ಇನ್ನೊಂದರ ಪೆಡಲಿಗೆ ಕೂರಲ್ಲ.

ಎರಡು ಬೋಲ್ಟಿನ ಎಸ್‌ಪಿಡಿಯಲ್ಲೂ ಎರಡು ಬಗೆ ಕ್ಲೀಟಿದೆ. ಎಸ್‌ಎಚ್51 ಹಿಮ್ಮಡಿಯನ್ನ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತೆ. ಎಸ್‌ಎಚ್56 ಓರೆಯಾಗಿ ಮೇಲಕ್ಕೆ ಎಳೆದರೂ ಬಿಡುತ್ತೆ. ಹೊಸಬರು 56 ತಗೊಳ್ಳಲಿ ಅಂತಾರೆ. ನನ್ನ ಪ್ರಕಾರ ಬೇಡ. ಬೆಟ್ಟ ಹತ್ತುವಾಗ ಎದ್ದು ನಿಂತು ಎಳೆದು ತುಳೀತೀರಲ್ಲ, ಆಗ ಅದು ಬಿಟ್ಟುಬಿಟ್ಟರೆ ಮಂಡಿ ಹೋಗಿ ಹ್ಯಾಂಡಲಿಗೆ ಬಡಿಯುತ್ತೆ. 51 ಹಾಕಿ, ಸ್ಪ್ರಿಂಗನ್ನ ಪೂರ್ತಿ ಸಡಿಲ ಇಡಿ.

ನಾಲ್ಕರ ಅಲನ್ (ಮೈಸೂರು):

ಕ್ಲೀಟು ಮನೆಯಲ್ಲೇ ಕೂರಿಸಿ. 4 ಎಂ.ಎಂ. ಅಲನ್ ಕೀ, 3 ಎಂ.ಎಂ. ಅಲನ್ ಕೀ, ಸ್ವಲ್ಪ ಗ್ರೀಸು, ಮಾಸ್ಕಿಂಗ್ ಟೇಪು, ಒಂದು ಪೆನ್ನು ಇದ್ದರೆ ಆಯ್ತು.

ಪೆಡಲ್ ಹಾಕೋದು ಮೊದಲು. ಎಡ ಪೆಡಲಿನ ಥ್ರೆಡ್ ಉಲ್ಟಾ ಅನ್ನೋದು ಗೊತ್ತಿರಬಹುದು. ಎಲ್, ಆರ್ ಗುರುತು ಅಚ್ಚಿನ ಮೇಲೇ ಇರುತ್ತೆ. ನೆನಪಿಡೋಕೆ ಒಂದೇ ಸೂತ್ರ: ಎರಡು ಕಡೆಯೂ ಪೆಡಲ್ ಅಚ್ಚಿನ ಮೇಲ್ಭಾಗ ಮುಂದಿನ ಚಕ್ರದ ಕಡೆ ತಿರುಗಿದರೆ ಬಿಗಿ, ಹಿಂದಿನ ಚಕ್ರದ ಕಡೆ ತಿರುಗಿದರೆ ಸಡಿಲ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬರದಿದ್ದರೆ ಥ್ರೆಡ್ ಅಡ್ಡ ಕೂತಿದೆ ಅಂತಲೇ ಅರ್ಥ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಉಕ್ಕಿನ ಅಚ್ಚು ಅಲ್ಯೂಮಿನಿಯಂ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಥ್ರೆಡ್ ತಿಂದುಹಾಕುತ್ತೆ, ಕ್ರ್ಯಾಂಕೇ ಬದಲಿಸಬೇಕು. ಕೊನೆಗೆ 35ರಿಂದ 55 ನ್ಯೂಟನ್ ಮೀಟರ್ ಬಿಗಿ.

ಈಗ ಶೂ. ಹಾಕಿಕೊಂಡು ನಿಂತು, ಹೆಬ್ಬೆರಳ ಬುಡದಲ್ಲಿ ಒಳಪಕ್ಕ ಉಬ್ಬಿರೋ ಮೂಳೆಯನ್ನ ಶೂ ಮೇಲಿಂದಲೇ ತಡವಿ ಹುಡುಕಿ. ಅಲ್ಲಿ ಟೇಪ್ ಅಂಟಿಸಿ ಗೆರೆ ಎಳೀರಿ. ಕಿರುಬೆರಳ ಬುಡದ ಮೂಳೆಗೂ ಹೊರಪಕ್ಕದಲ್ಲಿ ಹಾಗೇ ಮಾಡಿ. ಕಿರುಬೆರಳಿನದು ಹಿಂದಕ್ಕೆ ಇರುತ್ತೆ. ಶೂ ತಿರುಗಿಸಿ, ಎರಡೂ ಗೆರೆಯನ್ನ ತಳಕ್ಕೆ ಇಳಿಸಿ. ಈ ಎರಡರ ನಡುವೆ ಕ್ಲೀಟಿನ ಮಧ್ಯ ಬರಬೇಕು. ಮಣ್ಣುದಾರಿಗೂ ಅದೇ ಶೂ ಆದ್ದರಿಂದ ಅಲ್ಲಿಂದ 3 ಎಂ.ಎಂ. ಹಿಂದಕ್ಕೆ ಸರಿಸಿದರೆ ಇಳಿಜಾರಲ್ಲಿ ಮೀನಖಂಡಕ್ಕೆ ಆಯಾಸ ಕಡಿಮೆ.

ಕೋನ ಹಿಡಿಯೋಕೆ ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಡಿ, ಪಾದ ತಾನಾಗಿ ಯಾವ ಕಡೆ ನೋಡುತ್ತೆ ಗಮನಿಸಿ. ಹೊರಕ್ಕೆ ನೋಡುವ ಪಾದಕ್ಕೆ ಕ್ಲೀಟಿನ ಮೂತಿಯನ್ನ ಹೆಬ್ಬೆರಳ ಕಡೆ ಒಂಚೂರು ತಿರುಗಿಸಿ. ಬಹಳ ಜನ ಇದನ್ನೇ ಉಲ್ಟಾ ಮಾಡೋದು. ಪೆಡಲ್ ಕ್ಲೀಟನ್ನ ಯಾವಾಗಲೂ ನೇರಕ್ಕೆ ಹಿಡಿಯುತ್ತೆ, ತಿರುಗೋದು ಶೂ ಅನ್ನೋದು ತಲೆಯಲ್ಲಿದ್ದರೆ ತಪ್ಪಾಗಲ್ಲ. ಅಕ್ಕಪಕ್ಕದ್ದೂ ಹಾಗೇ: ಕ್ಲೀಟನ್ನ ಒಳಕ್ಕೆ ಸರಿಸಿದರೆ ಪಾದ ಕ್ರ್ಯಾಂಕಿನಿಂದ ಹೊರಕ್ಕೆ ಹೋಗುತ್ತೆ.

ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಎರಡನ್ನೂ ಸ್ವಲ್ಪ ಸ್ವಲ್ಪವೇ ಒಂದಾದ ಮೇಲೊಂದು ಬಿಗಿ ಮಾಡಿ. 5ರಿಂದ 6 ನ್ಯೂಟನ್ ಮೀಟರ್. ಕ್ಲೀಟಿನ ಹಲ್ಲು ತಳಕ್ಕೆ ಕಚ್ಚಿಕೊಳ್ಳೋಕೆ ಒಂದೆರಡು ಸವಾರಿ ಬೇಕು, ಅಷ್ಟರಲ್ಲಿ ಬಿಗಿ ಇಳಿದಿರುತ್ತೆ. ಮತ್ತೆ ಬಿಗಿ ಮಾಡಲೇಬೇಕು. ಸರಿ ಕೂತ ಮೇಲೆ ಕ್ಲೀಟಿನ ಸುತ್ತ ಮಾರ್ಕರಲ್ಲಿ ಗೆರೆ ಎಳೆದಿಡಿ, ಮುಂದೆ ಬದಲಿಸುವಾಗ ಈ ಪಾಡೆಲ್ಲ ತಪ್ಪುತ್ತೆ. ಶೂ ತಳ, ಪೆಡಲ್ ಎರಡರ ದಪ್ಪವೂ ಬದಲಾಗಿರೋದರಿಂದ ಸೀಟಿನ ಎತ್ತರ ಮತ್ತೆ ನೋಡಿ.

ಸ್ಪ್ರಿಂಗಿಗೆ 3 ಎಂ.ಎಂ. ಸ್ಕ್ರೂ. ಎರಡು ಪೆಡಲ್, ಎರಡೆರಡು ಮುಖ, ಒಟ್ಟು ನಾಲ್ಕು ಸ್ಕ್ರೂ. ನಾಲ್ಕನ್ನೂ ಕನಿಷ್ಠಕ್ಕೆ ತನ್ನಿ. ಒಂದು ಮುಖ ಬಿಟ್ಟುಹೋದರೆ ಒಂದು ಸಲ ಸಲೀಸಾಗಿ ಬಿಡುತ್ತೆ, ಇನ್ನೊಂದು ಸಲ ಬಿಡಲ್ಲ, ಏನಾಗ್ತಿದೆ ಅಂತಲೇ ಗೊತ್ತಾಗಲ್ಲ.

ಬೆಟ್ಟದ ತಿರುವು (ಮೈಸೂರು):

ಬೀಳೋ ವಿಚಾರ ಉಳೀತು. ಗಾಬರಿಯಲ್ಲಿ ಎಲ್ಲರೂ ಕಾಲನ್ನ ಮೇಲಕ್ಕೆ ಎಳೀತಾರೆ. ಹಾಗೆ ಬರಲ್ಲ. ಹಿಮ್ಮಡಿ ಹೊರಕ್ಕೆ ಒದೀಬೇಕು, ಪೆಡಲ್ ಪೂರ್ತಿ ಕೆಳಗಿದ್ದಾಗ. ಬೈಕಿನ ಮೇಲೆ ಕೂತು, ಗೋಡೆಗೆ ಕೈ ಕೊಟ್ಟು ಒಂದೊಂದು ಕಾಲಿಗೆ ಐವತ್ತು ಸಲ ಹಾಕಿ, ತೆಗೀರಿ. ಆಮೇಲೆ ಹುಲ್ಲಿರೋ ಮೈದಾನ. ಆಮೇಲೆ ರಸ್ತೆ.

ರಸ್ತೆಯಲ್ಲಿ ಸಿಗ್ನಲ್ ಹತ್ತಿರ ಬಂದು ಬಿಡಿಸೋದಲ್ಲ, 20 ಮೀಟರ್ ಮುಂಚೆಯೇ ಎಡಗಾಲು ಬಿಡಿಸಿ. ಎಡವೇ ಯಾಕೆ ಅಂದ್ರೆ ರಸ್ತೆ ಅಂಚು ಎಡಕ್ಕೆ, ಚೈನು ಬಲಕ್ಕೆ. ನಿಲ್ಲುವಾಗ ಹ್ಯಾಂಡಲನ್ನ ಒಂಚೂರು ಬಲಕ್ಕೆ ತಿರುಗಿಸಿ, ಭಾರ ತಾನಾಗಿ ಎಡಕ್ಕೆ ಬರುತ್ತೆ. ಎಡಗಾಲು ಬಿಡಿಸಿ ಬಲಕ್ಕೆ ವಾಲಿದರೆ ಮಾತ್ರ ನೆಲವೇ ಗತಿ.

ಚಾಮುಂಡಿ ಬೆಟ್ಟದ ಏರಿನಲ್ಲಿ ನಿಲ್ಲಬೇಕು ಅನಿಸಿದರೆ ವೇಗ ಪೂರ್ತಿ ಸಾಯುವ ಮೊದಲೇ ಬಿಡಿಸಿ. ಮತ್ತೆ ಹೊರಡುವಾಗ ಒಂದು ಕಾಲು ಕಚ್ಚಿಸಿ, ಇನ್ನೊಂದನ್ನ ಪಾದದ ನಡುವಿನಿಂದ ಸುಮ್ಮನೆ ತುಳೀರಿ. ಏರು ತಗ್ಗಿದ ಕಡೆ ಕಚ್ಚಿಸಿದರಾಯ್ತು. ಏರಿನಲ್ಲಿ ಕೆಳಗೆ ನೋಡ್ತಾ ಪೆಡಲ್ ಹುಡುಕೋಕೆ ಹೋಗಬೇಡಿ.

ಇನ್ನೊಂದು ಮಾತು, ದಯವಿಟ್ಟು. ನಾಲೆ ಏರಿ ಮೇಲೆ ತಡೆಗೋಡೆ ಇಲ್ಲದ ಕಡೆ ಕ್ಲಿಪ್ ಅಭ್ಯಾಸ ಮಾಡಬೇಡಿ. ಎರಡೂ ಕಾಲು ಬೈಕಿಗೆ ಸಿಕ್ಕಿಕೊಂಡು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದರೆ ಈಜು ಬಂದೂ ಪ್ರಯೋಜನವಿಲ್ಲ. ಕೈ ಪಳಗಿದ ಮೇಲೂ ಅಂಥ ಕಡೆ ನೀರಿನ ಪಕ್ಕದ ಕಾಲನ್ನ ಬಿಡಿಸಿಕೊಂಡೇ ಹೋಗಿ.

ನಾಲೆ ಏರಿ (ಮಂಡ್ಯ):

ಎಲ್ಲರಿಗೂ ಧನ್ಯವಾದ. ಎರಡು ಬೋಲ್ಟಿಂದೇ ಹಾಕಿದೆ, ನಾಲ್ಕೂ ಸ್ಕ್ರೂ ಸಡಿಲ ಮಾಡಿದ್ದೀನಿ. ಎರಡು ತೊಂದರೆ. ಬಲಗಾಲಿನ ಹಿಮ್ಮಡಿ ಹೊರಕ್ಕೆ ಎಷ್ಟು ತಿರುಗಿಸಿದರೂ ಶೂ ತಿರುಗುತ್ತೆ, ಪೆಡಲ್ ಬಿಡಲ್ಲ. ಇನ್ನೊಂದು, 30 ಕಿ.ಮೀ. ಆಗುವಷ್ಟರಲ್ಲಿ ಎಡಪಾದದ ಮುಂಭಾಗ ಜೋಮು ಹಿಡಿಯುತ್ತೆ.

ನಾಲ್ಕರ ಅಲನ್ (ಮೈಸೂರು):

ಬಲಗಾಲಿಂದು ಮೊದಲು ನೋಡಿ, ಅದು ಅಪಾಯದ್ದು. ಕ್ಲೀಟಿನ ಎರಡು ಬೋಲ್ಟಲ್ಲಿ ಒಂದು ಬಿದ್ದುಹೋಗಿದೆ, ಇಲ್ಲಾ ಎರಡೂ ಸಡಿಲಾಗಿವೆ. ಕ್ಲೀಟು ಪೆಡಲೊಳಗೇ ಕೂತಿದೆ, ಶೂ ಮಾತ್ರ ಅದರ ಮೇಲೆ ಗಿರಗಿರ ತಿರುಗುತ್ತೆ. ಸ್ಪ್ರಿಂಗಿಗೆ ಆ ತಿರುವು ತಲುಪೋದೇ ಇಲ್ಲ, ಆದ್ದರಿಂದ ಇನ್ನೆಷ್ಟು ಸಡಿಲ ಮಾಡಿದರೂ ಬಿಡಲ್ಲ. ದಾರಿಯಲ್ಲಿ ಹೀಗಾದರೆ ಒದ್ದಾಡಬೇಡಿ. ಇನ್ನೊಂದು ಕಾಲು ಬಿಡಿಸಿ, ಕಂಬವನ್ನೋ ಮರವನ್ನೋ ಹಿಡಿದು ನಿಂತು, ಶೂ ಪಟ್ಟಿ ಬಿಚ್ಚಿ ಪಾದವನ್ನೇ ಹೊರಗೆ ತೆಗೆದುಬಿಡಿ. ಶೂ ಪೆಡಲಲ್ಲೇ ನೇತಾಡಲಿ. ಆಮೇಲೆ 3ರ ಅಲನ್‌ನಿಂದ ಆ ಮುಖದ ಸ್ಕ್ರೂ ಕನಿಷ್ಠಕ್ಕಿದೆಯಾ ನೋಡಿ, ಕ್ಲೀಟನ್ನೇ ಸ್ಕ್ರೂಡ್ರೈವರಿಂದ ಮೀಟಿ ತಿರುಗಿಸಿ ಬಿಡಿಸಬಹುದು. ಬಿಡಿ ಕ್ಲೀಟ್ ಬೋಲ್ಟು ಎಂ5, ಸೀಟಿನ ಚೀಲದಲ್ಲಿ ಎರಡು ಇಟ್ಟಿರಿ.

ಜೋಮಿಗೆ ಎಡ ಕ್ಲೀಟನ್ನ 2 ಎಂ.ಎಂ. ಹಿಂದಕ್ಕೆ ಸರಿಸಿ, ಬೆರಳ ಹತ್ತಿರದ ಪಟ್ಟಿ ಸಡಿಲ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ. ಮಂಡಿ ಒಳಪಕ್ಕ ಅಥವಾ ಹೊರಪಕ್ಕ ನೋವು ಬಂದರೆ ಕೋನ ನೋಡಿ, ಮುಂದೆ ಬಂದರೆ ಸೀಟು ತಗ್ಗಿದೆಯಾ ನೋಡಿ. ಆಮೇಲೂ ಬಿಡದಿದ್ದರೆ ಫಿಸಿಯೊ ಹತ್ರ ಹೋಗಿ, ತಳ್ಳಿಕೊಂಡು ಓಡಿಸಬೇಡಿ.

ಕಬ್ಬಿನ್ ಗದ್ದೆ (ಪಾಂಡವಪುರ):

ಮಳೆಗಾಲಕ್ಕೆ ಒಂದೆರಡು ಮಾತು ಹೇಳ್ಬುಡ್ತೀನಿ, ನಮ್ ಕಡೆ ಮಣ್ಣು ಬ್ಯಾರೆ ಥರ. ಗದ್ದೆ ಬಯಲ ಮಣ್ಣು ಮೇಣದಂಗೆ ಅಂಟ್ಕತದೆ. ಇಳಿದು ನಾಕು ಹೆಜ್ಜೆ ಹಾಕಿದ್ರೆ ಸಾಕು, ತಳದ ಕುಳಿ ತುಂಬಿ ಕ್ಲೀಟೇ ಕಾಣಕಿಲ್ಲ. ಕ್ಲೀಟಿನ ಮೂತಿ ಮುಂದೆ ಒಂದು ಸಣ್ಣ ಸಂದು ಇರ್ತದಲ್ಲ, ಪೆಡಲಿನ ಮುಂದಿನ ಕೊಕ್ಕೆ ಕೂರೋ ಜಾಗ, ಅಲ್ಲಿ ಮಣ್ಣು ಗಟ್ಟಿಯಾದ್ರೆ ಎಷ್ಟು ತುಳುದ್ರೂ ಟಕ್ ಅನ್ನಕಿಲ್ಲ. ಪೆಡಲಿಗೆ ಶೂ ಬಡ್ಕಂಡು ಉಪಯೋಗ ಇಲ್ಲ, ಮಣ್ಣು ಇನ್ನೂ ಬಿಗಿಯಾಗಿ ಕೂರ್ತದೆ. ಹಂಚಿಕಡ್ಡಿ ಮುರಿದೋಯ್ತದೆ. ಹಳೇ ಸ್ಪೋಕ್‌ದು ಒಂದು ತುಂಡು ಬ್ಯಾಗಲ್ಲಿ ಇಟ್ಕಳಿ, ಆ ಸಂದು, ಹಿಂದಿನ ಸಂದು ಎರಡನ್ನೂ ಕೆರೆದು ಬಾಟ್ಲಿ ನೀರು ಒಂದು ಗುಟುಕು ಹಾಕಿ. ಅಷ್ಟೇ ಸಾಕು.

ಮನೆಗ್ ಬಂದ್ ಮ್ಯಾಲೆ ಬಕೆಟ್ ನೀರು, ಹಳೇ ಬ್ರಷ್ಷು. ವಾಟರ್ ಸರ್ವಿಸ್ ಗನ್ನು ಪೆಡಲಿಗೆ ಹಿಡಿಸ್ಲೇಬೇಡಿ, ಅಚ್ಚಿನ ಬೇರಿಂಗ್ ಒಳಿಕೆ ನೀರು ಹೋಗಿ ಗ್ರೀಸ್ ತೊಳ್ಕಂಡು ಹೋಯ್ತದೆ. ಒಣಗಿದ್ ಮ್ಯಾಲೆ ಸ್ಪ್ರಿಂಗಿಗೆ, ಕೊಕ್ಕೆ ಕೀಲಿಗೆ ಒಂದೊಂದು ತೊಟ್ಟು ಚೈನ್ ಆಯಿಲ್ಲು, ಮಿಕ್ಕಿದ್ದು ಒರೆಸ್ಬುಡಿ. ಪೆಡಲ್ ಹಿಡ್ದು ಅಲ್ಲಾಡ್ಸಿ ನೋಡಿ, ಲಟಕ್ ಅಂದ್ರೆ ಬೇರಿಂಗ್ ಕೋನ್ ಬಿಗಿ ಮಾಡ್ಬೇಕು.

ಇನ್ನೊಂದು, ಕ್ಲೀಟ್ ಬೋಲ್ಟಿನ ತಲೆ ಗುಂಡಿಗೆ ಜಲ್ಲಿ ಹೋಗಿ ಕಚ್ಕತದೆ, ಆಮ್ಯಾಕೆ ಅಲನ್ ಕೂರಕಿಲ್ಲ. ಹೊಸದಾಗಿ ಹಾಕ್ದಾಗ್ಲೇ ಆ ಗುಂಡಿಗೆ ಮೇಣದ ಬತ್ತಿ ತೊಟ್ಟಿಕ್ಕುಸ್ಬುಡಿ, ಬೇಕಾದಾಗ ಪಿನ್ನಲ್ಲಿ ಕೆರೆದ್ರೆ ಉದುರ್ತದೆ. ಈಗಾಗ್ಲೇ ಗುಂಡಿ ಸವೆದು ಅಲನ್ ಜಾರ್ತಾ ಇದ್ರೆ ಟಿ25 ಟಾರ್ಕ್ಸ್ ಬಿಟ್ ಇಟ್ಟು ಸುತ್ತಿಗೇಲಿ ಎರಡು ಏಟು ಹಾಕಿ ಕೂರ್ಸಿ ನಿಧಾನ್ಕೆ ತಿರುಗ್ಸಿ, ಸುಮಾರಾಗಿ ಬಂದ್ಬುಡ್ತದೆ. ಬರ್ದಿದ್ರೆ ಡ್ರಿಲ್ಲಲ್ಲಿ ಬೋಲ್ಟಿನ ತಲೆ ಹಾರ್ಸಿ, ಕ್ಲೀಟ್ ತೆಗುದ್ ಮ್ಯಾಲೆ ಉಳ್ದ ಬಾಲ ಪ್ಲೈಯರಲ್ಲಿ ಹಿಡ್ದು ತಿರುಗ್ಸುದ್ರೆ ಬತ್ತದೆ.