ಐಬಿಎಸ್‌ಗೆ ಅಕ್ಯುಪಂಕ್ಚರ್: ಮಾಡಿಸಿಕೊಂಡವರು ದಯವಿಟ್ಟು ಹೇಳಿ

ಕೇಳಿದವರು, ಕಲಬುರಗಿ:
ಹೊಟ್ಟೆ ಉಬ್ಬರ, ನೋವು, ಬೆಳಿಗ್ಗೆ ಎದ್ದರೆ ಸಂಡಾಸಕ್ಕೆ ಓಡಾಟ. ಹೈದರಾಬಾದ್ ಬಸ್ ಹತ್ತೋಕೂ ಭಯ. ಡಾಕ್ಟರು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳಿನ ತೊಂದರೆ) ಅಂದಿದ್ದಾರೆ. ಮಾತ್ರೆ ಬಿಟ್ಟರೆ ಮತ್ತೆ ಅದೇ ಕಥೆ. ಮನೆಯವರು ಅಕ್ಯುಪಂಕ್ಚರ್, ಅಂದರೆ ಸೂಜಿ ಚಿಕಿತ್ಸೆ, ಮಾಡಿಸು ಅಂತಿದ್ದಾರೆ. ಉಪಯೋಗ ಆಗುತ್ತಾ?

ಒಬ್ಬ ಅಕ್ಕ, ಕಲಬುರಗಿ:
ತಂಗಿ, ನಾನು ಮಾಡಿಸಿದ್ದೇನೆ. ಹಿತ ಆಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಾತ ಮಲಗಿಸಿ ಹೊಕ್ಕುಳಿನ ಎರಡೂ ಪಕ್ಕ, ಮೊಣಕಾಲಿನ ಕೆಳಗೆ ಹೊರಬದಿಗೆ, ಕೂದಲಿನಷ್ಟು ಸಣ್ಣ ಸೂಜಿ ಹಾಕಿದರು. ಚುಚ್ಚಿದ್ದು ಅಷ್ಟಾಗಿ ಗೊತ್ತೇ ಆಗಲಿಲ್ಲ, ಆಮೇಲೆ ಒಳಗೆ ಏನೋ ಭಾರ ಭಾರ ಜಗ್ಗಿದ ಹಾಗೆ. ಆದರೆ ನನಗೆ ಜಾಸ್ತಿ ನೆನಪಿರೋದು ಅವರು ಕೇಳಿದ ಪ್ರಶ್ನೆಗಳು. ಏನು ತಿಂದೆ, ನಿದ್ದೆ ಹೇಗೆ, ಯಾವ ಚಿಂತೆ ಇದ್ದಾಗ ನೋವು ಏರುತ್ತೆ, ಎಲ್ಲಾ ಕೂತು ಕೇಳಿದರು. ಅಷ್ಟು ಹೊತ್ತು ನನ್ನ ಹೊಟ್ಟೆಯ ಮಾತು ಯಾರೂ ಕೇಳಿರಲಿಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದಲ್ಲಿ 262 ಐಬಿಎಸ್ ರೋಗಿಗಳ ಮೇಲೆ ಒಂದು ಅಧ್ಯಯನ ಮಾಡಿದ್ದರು, 2008ರಲ್ಲಿ ಪ್ರಕಟವಾಯಿತು. ಕೆಲವರಿಗೆ ಏನೂ ಕೊಡಲಿಲ್ಲ, ಕೆಲವರಿಗೆ ಚರ್ಮದೊಳಗೆ ಹೋಗದ ಸುಳ್ಳು ಸೂಜಿ, ಇನ್ನು ಕೆಲವರಿಗೆ ಅದೇ ಸುಳ್ಳು ಸೂಜಿ ಜೊತೆಗೆ ಪ್ರೀತಿಯಿಂದ ಕೂತು ಮಾತು. ಮೂರು ವಾರಕ್ಕೆ ಸಾಕಷ್ಟು ಆರಾಮ ಅಂದವರು ಕ್ರಮವಾಗಿ ಶೇಕಡಾ 28, 44, 62. ಆಮೇಲೆ 2012ರಲ್ಲಿ ಕಾಕ್ರೇನ್‌ನವರು (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಸಂಸ್ಥೆ) 17 ಪ್ರಯೋಗ ನೋಡಿದರು; ಅದರಲ್ಲಿ ಸುಳ್ಳು ಸೂಜಿ ಜೊತೆ ಹೋಲಿಸಿದ ಐದರಲ್ಲಿ ನಿಜವಾದ ಸೂಜಿಗೂ ಸುಳ್ಳು ಸೂಜಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ, ಮಾಮೂಲಿ ಚಿಕಿತ್ಸೆ ಜೊತೆ ಸೂಜಿಯನ್ನೂ ಹಾಕಿಸಿಕೊಂಡವರು ಬರೀ ಮಾಮೂಲಿ ಚಿಕಿತ್ಸೆಯವರಿಗಿಂತ ಆರಾಮಾಗಿದ್ದರು.

ಹಾಗಾಗಿ ನಾನು ಹೇಳೋದು ಇಷ್ಟೇ. ಆರಾಮ ಸುಳ್ಳಲ್ಲ, ಆದರೆ ಅದು ಸೂಜಿ ಚುಚ್ಚಿದ ಜಾಗದ ಮಹಿಮೆ ಅಂತ ನಂಬೋಕೆ ಆಧಾರ ಇಲ್ಲ. "ವಿಶೇಷ ಬಿಂದು", "ದೊಡ್ಡ ಪ್ಯಾಕೇಜು" ಅಂತ ಮುಂಗಡ ಕೇಳಿದರೆ ಕೊಡಬೇಡ. ಪ್ರತಿ ಸಲ ಆ ಸಲದ ದುಡ್ಡು ಮಾತ್ರ ಕೊಡು, ಕೆಲವು ವಾರ ನೋಡು, ಹಿಡಿಸದಿದ್ದರೆ ಬಿಡು.

ಬೀದರಿನಿಂದ:
ಅಕ್ಕಾವ್ರು ಹೇಳಿದ್ದು ಸರಿ. ನನಗೆ ಸೂಜಿಯಿಂದ ಏನೂ ಆಗಲಿಲ್ಲ ರೀ, ಊಟ ಬದಲಿಸಿದ್ದರಿಂದ ಆಯಿತು. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ಬಿಟ್ಟೆ, ಬಳ್ಳೊಳ್ಳಿ ಕಡಿಮೆ ಮಾಡಿದೆ, ಚಪಾತಿಯನ್ನೂ ಕಡಿಮೆ ಮಾಡಿದೆ. ಜೋಳದ ರೊಟ್ಟಿ ಏನೂ ತೊಂದರೆ ಕೊಡಲ್ಲ, ಅದೇ ಸಮಾಧಾನ. ಬೇಳೆ ಜಾಸ್ತಿ ಉಂಡ ದಿನ ಮಾತ್ರ ಉಬ್ಬರ ಗ್ಯಾರಂಟಿ.

ಯಾದಗಿರಿಯಿಂದ:
ಒಂದು ಮಾತು, ಕೋಪದಿಂದಲೇ ಬರೀತಿದ್ದೇನೆ. ನಮ್ಮ ಕಾಕಾಗೆ ಒಂದು ಕಡೆ ಬಿಪಿ ಮಾತ್ರೆ ಸಹಿತ ಎಲ್ಲಾ ಬಿಡಿ, ಸೂಜಿ ಸಾಕು ಅಂದಿದ್ದರು. ಹಾಗೆ ಯಾರು ಹೇಳಿದರೂ ಎದ್ದು ಬನ್ನಿ. ಸೂಜಿ ಪೊಟ್ಟಣ ನಿಮ್ಮ ಕಣ್ಣೆದುರಿಗೇ ಒಡೆಯಬೇಕು, ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಹಾಕಬಾರದು. ಮಲದಲ್ಲಿ ರಕ್ತ, ಸುಮ್ಮನೆ ತೂಕ ಇಳಿಯೋದು, ರಕ್ತ ಕಡಿಮೆ ಆಗೋದು, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ಇವುಗಳಲ್ಲಿ ಒಂದಿದ್ದರೂ ಅದನ್ನು ಐಬಿಎಸ್ ಅಂತ ಬಿಡಬೇಡಿ, ಮೊದಲು ಹೊಟ್ಟೆ ಡಾಕ್ಟರ ಹತ್ತಿರ ಹೋಗಿ. ನಿಮಗೆ ಇವುಗಳಲ್ಲಿ ಯಾವುದಾದರೂ ಇದೆಯಾ? ರಕ್ತ ಪರೀಕ್ಷೆ ಆಗಿದೆಯಾ?