ಬೋರ್ಡ್ ಎಲ್ಲಾ ಓದ್ತಾನೆ, ಮಾತಾಡಲ್ಲ: ಅನುಭವ ಇದ್ದೋರು ಹೇಳಿ

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ, ಆಟಿಸಂ ಅಂದಿದ್ದಾರೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬಸ್ ಬೋರ್ಡ್ ತಾನೇ ಓದ್ತಾನೆ. ‘ನೀರು ಬೇಕಾ?’ ಅಂದ್ರೆ ‘ನೀರು ಬೇಕಾ’ ಅಂತಲೇ ತಿರುಗಿ ಹೇಳ್ತಾನೆ. ಓದು ಬೆಳೆಸೋದಾ, ನಿಲ್ಲಿಸಿ ಮಾತಿಗೆ ಒತ್ತು ಕೊಡೋದಾ?

ಶಿವಮೊಗ್ಗದ ತಾಯಿ: ಓದು ನಿಲ್ಲಿಸಬೇಡಿ, ಅದರಿಂದಲೇ ಮಾತು ತರಿಸಬೇಕು. ‘ಬೇಕಾ’ ಅಂತ ಕೇಳೋದು ಬಿಡಿ. ಲೋಟದ ಕಡೆ ಕೈ ಚಾಚಿದ ತಕ್ಷಣ, ನೀವು ಬಾಯಿ ಬಿಡದೆ, ‘ನೀರು ಬೇಕು’ ಅಂತ ಬರೆದ ಕಾರ್ಡ್ ಹಿಡಿಯಿರಿ. ಓದಿದ ಕೂಡಲೇ ನೀರು ಕೊಡಿ. ರೂಢಿಯಾದ ಮೇಲೆ ‘ಬೇಕು’ ಮುಚ್ಚಿ, ಆಮೇಲೆ ‘ನೀರು’, ಕೊನೆಗೆ ಖಾಲಿ ಕಾರ್ಡ್. ಅವಸರ ಮಾಡಿದ್ರೆ ಮತ್ತೆ ‘ಬೇಕಾ’ಗೇ ಹೋಗ್ತಾನೆ. ಓದಿದ್ದು ಅರ್ಥ ಆಗುತ್ತಾ ಅಂತ ನೋಡೋಕೆ ‘ಕೆಂಪು ಲೋಟ ಮೇಜಿನ ಕೆಳಗೆ ಇಡು’ ಅಂತ ಬರೆದು ಕೊಡಿ. ಗಟ್ಟಿಯಾಗಿ ಓದಿ ಸುಮ್ಮನೆ ನಿಂತರೆ ಅರ್ಥ ಇನ್ನೂ ಕೂಡಿಲ್ಲ. ನೆಂಟರ ಮುಂದೆ ಪೇಪರ್ ಓದಿಸಿ ಚಪ್ಪಾಳೆ ಹೊಡೆಸೋದು ಮಾತ್ರ ದಯವಿಟ್ಟು ಬೇಡ.

ಬೆಂಗಳೂರಿನ ತಂದೆ: ಕಾರ್ಡ್ ಆಮೇಲೆ, ಮೊದಲು ಅಂಗವೈಕಲ್ಯದ ಸರ್ಟಿಫಿಕೇಟ್. 45 ನಿಮಿಷದ ಸ್ಪೀಚ್ ಥೆರಪಿಗೆ ನಾವು ಕೊಡೋದು 900 ರೂಪಾಯಿ. ವಾರಕ್ಕೆ ಮೂರು ಅಂದ್ರೆ ತಿಂಗಳಿಗೆ 10,800, ಆಟೋ ಖರ್ಚು ಬೇರೆ. ಮಗು ಬರದಿದ್ದರೂ ದುಡ್ಡು ವಾಪಸ್ ಇಲ್ಲ! ಸರ್ಟಿಫಿಕೇಟ್ ಇದ್ದರೆ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಮಾಡಿಸಬಹುದು, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿಯೂ ಸೇರುತ್ತೆ. ಡಾಕ್ಟರ್ ಮುಂದೆ ‘ಓದ್ತಾನೆ’ ಅಂತ ಹೇಳಲೇಬೇಡಿ, ಸೌಲಭ್ಯಕ್ಕೆ ಬೇಕಾದ ಶೇ. 40 ಅಂಗವೈಕಲ್ಯ ಅಂತ ಬರೆದುಕೊಡಲ್ಲ.

ಮೈಸೂರಿನ ಸ್ಪೀಚ್ ಥೆರಪಿಸ್ಟ್: ಸರ್, ಹೀಗೆ ಹೇಳಿ ಜನರನ್ನ ಕೆಡಿಸಬೇಡಿ. ಐಎಸ್‌ಎಎ ಅನ್ನೋ, ಸರ್ಟಿಫಿಕೇಟ್ ಕೊಡುವಾಗ ಆಟಿಸಂ ಎಷ್ಟಿದೆ ಅಂತ ನೋಡೋ ಅಳತೆಯಲ್ಲಿ 40 ಅಂಶ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಅಸಾಮಾನ್ಯ ನೆನಪು, ಅಸಾಧಾರಣ ಪ್ರತಿಭೆ ಎರಡೂ ಅದರಲ್ಲೇ ಇವೆ. ಕೇಳಿದ್ದನ್ನೇ ತಿರುಗಿ ಹೇಳೋದೂ ಇದೆ. ಮುಚ್ಚಿಟ್ಟರೆ ಅಂಕ ಇಳಿಯುತ್ತೆ. 70ಕ್ಕಿಂತ ಕೆಳಗೆ ಬಂದರೆ ಆಟಿಸಂ ಅಂತಲೇ ಬರೆಯಲ್ಲ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಓದೋ ವಿಡಿಯೋ, ‘ಬೇಕಾ’ ಅನ್ನೋ ವಿಡಿಯೋ ಎರಡೂ ತಗೊಂಡು ಹೋಗಿ.

ಬೆಂಗಳೂರಿನ ತಂದೆ: ಪುಸ್ತಕದಲ್ಲಿ ಸರಿ ಮೇಡಂ. ಎದುರಿಗೆ ಕೂತೋರು ‘ಇಷ್ಟು ಜಾಣ, ಇವನಿಗೇನಾಗಿದೆ’ ಅಂದಾಗ?

ಮೈಸೂರಿನ ಸ್ಪೀಚ್ ಥೆರಪಿಸ್ಟ್: ಆಗ ‘ಓದಿದ್ದನ್ನ ಮಾಡೋಕೆ ಹೇಳಿ ನೋಡಿ’ ಅನ್ನಿ.

ಹುಬ್ಬಳ್ಳಿಯ ಅಜ್ಜ: ಶಿವಮೊಗ್ಗದ ತಂಗಿ, ಕಾರ್ಡು ಎಲ್ಲಾ ಮನಿಗೂ ಒಂದೇ ಆಗೂದಿಲ್ಲವ್ವಾ. ನಮ್ಮ ಕಡೆ ‘ನೀರು ಬೇಕೇನ?’ ಅಂತಾರ. ಮನಿಯಾಗ ಹೆಂಗ ಮಾತಾಡ್ತೀರಿ ಹಂಗ ಬರೀಬೇಕು. ‘ನನಗೆ ನೀರು ಬೇಕಾಗಿದೆ’ ಅಂತ ಪುಸ್ತಕದ ಕನ್ನಡ ಕಲಿಸಿದ್ರ ಹುಡುಗ ಸುದ್ದಿ ಓದಿದಂಗ ಮಾತಾಡ್ತಾನ.

ಶಿವಮೊಗ್ಗದ ತಾಯಿ: ನಾನು ಪುಸ್ತಕದ ಕನ್ನಡ ಅಂದೇ ಇಲ್ಲ ಅಜ್ಜ, ಇನ್ನೊಮ್ಮೆ ಓದಿ. ಆದರೆ ಅಮ್ಮ ಒಂದು, ಅಜ್ಜಿ ಒಂದು ಅಂತ ಬರೆದರೆ ಮಗು ಎರಡನ್ನೂ ಬೇರೆ ಬೇರೆ ವಿಷಯ ಅಂದುಕೊಳ್ಳುತ್ತೆ. ಒಂದು ಮನೆಗೆ ಒಂದೇ ಕಾರ್ಡ್.