ಮೋಟಾರ್ ಓಡುತ್ತದೆ, ನೀರು ಬರುವುದಿಲ್ಲ (ಅಂಕೋಲಾ, ಹಳೇ ಮನೆ)

ಹೊಸಮನೆ_ಅಂಕೋಲಾ: ತಲೆ ಕೆಟ್ಟು ಹೋಗಿದೆ. ಮೊದಲ ಸಲ ಸ್ವಂತ ಮನೆ ಅಂತ ತಗೊಂಡೆ. ಹಂಚಿನ ಮನೆ, ಕರೆಂಟ್ ಕಟ್ ಆಗಿತ್ತು, ಪಂಚಾಯ್ತಿ ನಲ್ಲಿಯೂ ಬಂದ್. ಓಡಾಡಿ ಓಡಾಡಿ ಕಳೆದ ವಾರ ಕರೆಂಟ್ ಬಂತು. ಬಾವಿಯ ಮೋಟಾರ್ ಹಾಕಿದರೆ ಚೆನ್ನಾಗಿ ಓಡುತ್ತದೆ, ಟ್ಯಾಂಕಿಗೆ ಒಂದು ಹನಿ ನೀರಿಲ್ಲ. ಪಕ್ಕದ ಮನೆಯಿಂದ ಕೊಡ ಹೊತ್ತು ಸೊಂಟ ಹಿಡಿದುಕೊಂಡಿದೆ. ಏನು ಮಾಡಲಿ?

ತಂತಿಮಾವ: ಫುಟ್‌ವಾಲ್ವ್, ಅದೇ ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವುದು. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಬದಲಿಸಿ.

ಕಾಳಿ_ದಂಡೆ: ಯಾವ ಮೋಟಾರ್? ಮೇಲೆ ಕೂತಿದೆಯೋ, ನೀರಿನಲ್ಲಿ ಮುಳುಗಿದೆಯೋ? ಎಷ್ಟು ವರ್ಷ ನಿಂತಿತ್ತು? ಏನೂ ಬರೆಯದೆ ಹೇಗೆ ಹೇಳೋದು ಮಾರಾಯ್ರೆ.

ಹೊಸಮನೆ_ಅಂಕೋಲಾ: ಮಾಮೂಲಿ ಮೋಟಾರ್ ಸರ್. ಬಾವಿಕಟ್ಟೆ ಪಕ್ಕದಲ್ಲೇ ಇದೆ. 1 ಎಚ್‌ಪಿ ಅಂತ ಕಾಣುತ್ತದೆ, ಫಲಕದ ಅಕ್ಷರ ಉಪ್ಪುಗಾಳಿಗೆ ಹೋಗಿದೆ. ಮನೆ ನಾಲ್ಕು ವರ್ಷ ಬೀಗ ಹಾಕಿತ್ತು.

ತಂತಿಮಾವ: ನಾಲ್ಕು ವರ್ಷ! ನಾನು ಹೇಳಿದ್ದೇ. ವಾಲ್ವಿನ ವಾಷರ್ ಒಣಗಿ ಸೆಟೆದಿರುತ್ತದೆ. ಹಿತ್ತಾಳೆಯದ್ದೇ ಹಾಕಿ, ಪ್ಲಾಸ್ಟಿಕ್ ಬೇಡ.

ಬೇಲೆಕೇರಿ_ಗಾಳ: ಅದು ಬಿಡಿ, ಹಳೇ ಬಿಲ್ ಬಾಕಿ ಯಾರು ಕಟ್ಟಿದ್ದು?

ಹೊಸಮನೆ_ಅಂಕೋಲಾ: ನಾನೇ. ಕಟ್ಟದಿದ್ದರೆ ಕನೆಕ್ಷನ್ ಇಲ್ಲ ಅಂದರು. ಮಾರಿದವರು ಈಗ ಫೋನ್ ಎತ್ತುತ್ತಿಲ್ಲ.

ಬೇಲೆಕೇರಿ_ಗಾಳ: ಮೋಸ ಹೋದಿರಿ. ಯಾರೋ ಉರಿಸಿದ ದೀಪಕ್ಕೆ ನೀವ್ಯಾಕೆ ದುಡ್ಡು ಕೊಡಬೇಕು? ಕೋರ್ಟಿಗೆ ಹೋಗಿ.

ಕಾಳಿ_ದಂಡೆ: ಸುಮ್ನೆ ಹುರಿದುಂಬಿಸಬೇಡಿ. ಕೇರಳದ ಕೇಸಿನಲ್ಲಿ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ನಿಯಮದಲ್ಲಿ ಅವಕಾಶ ಇದ್ದರೆ, ಅದೇ ಜಾಗಕ್ಕೆ ಕನೆಕ್ಷನ್ ಕೇಳುವ ಹೊಸ ಮಾಲೀಕರಿಂದ ಹಳೇ ಬಾಕಿ ಕೇಳಬಹುದು. ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹಿಡಿದು ಬಾಕಿ ಎಷ್ಟಿದೆ ಅಂತ ರಿಜಿಸ್ಟ್ರೇಷನ್‌ಗೆ ಮೊದಲೇ ನೋಡಬೇಕಿತ್ತು.

ಬೇಲೆಕೇರಿ_ಗಾಳ: ಎಲ್ಲ ಗೊತ್ತಿರುವ ವಕೀಲರು ಇಲ್ಲೇ ಇದ್ದಾರೆ, ಗೊತ್ತಿರಲಿಲ್ಲ.

ಶಿರಸಿ_ಅಡಿಕೆ: ಈ ಮೋಟಾರ್ ಗಲಾಟೆಯೇ ನಮಗಿಲ್ಲ. ಗುಡ್ಡದ ಮೇಲಿನ ಅಬ್ಬಿಯಿಂದ ಪೈಪ್ ಎಳೆದಿದ್ದೇವೆ, ಇಳಿಜಾರಿನಲ್ಲಿ ನೀರು ತಾನಾಗೇ ಅಡುಗೆಮನೆಗೆ ಬರುತ್ತದೆ. ಒಲೆಗೆ ಗೋಬರ್ ಗ್ಯಾಸ್. ಮಾಡಿನ ಮೇಲೆ ಸೋಲಾರ್. ಕರೆಂಟ್ ಹೋದದ್ದು ಗೊತ್ತಾಗುವುದು ಪಕ್ಕದ ಮನೆಯವರು ಹೇಳಿದರೆ ಮಾತ್ರ.

ತಂತಿಮಾವ: ಅಂಕೋಲಾದ ಮರಳಿನಲ್ಲಿ ಅಬ್ಬಿ ಎಲ್ಲಿಂದ ತರುವುದು ಅಣ್ಣ?

ಹೊಸಮನೆ_ಅಂಕೋಲಾ: ಹಿತ್ತಾಳೆಯ ಹೊಸ ಫುಟ್‌ವಾಲ್ವ್ ಹಾಕಿಸಿದೆ. ಅದೇ ಕಥೆ. ಈಗ ನಗಬೇಡಿ, ನನ್ನ ಹೆಂಡತಿ ಆಗಲೇ ನಗುತ್ತಿದ್ದಾಳೆ.

ತಂತಿಮಾವ: ಹಾಗಾದರೆ ವಾಲ್ವ್ ಸರಿಯಾಗಿ ಕೂತಿಲ್ಲ. ಬಿಚ್ಚಿ ಮತ್ತೆ ಹಾಕಿಸಿ.

ಕಾಳಿ_ದಂಡೆ: ತಡೆಯಿರಿ. ಮೋಟಾರ್ ಬಂದ್ ಮಾಡಿ, ಮೇಲಿನ ಬಿರಡೆ ತೆಗೆದು ಬಕೆಟ್ಟಿನಿಂದ ನೀರು ಹೊಯ್ಯಿರಿ. ಬಾಯಿವರೆಗೆ ತುಂಬಿಸಿ ಒಂದು ಗಂಟೆ ಬಿಡಿ. ನೀರು ಇಳಿಯುತ್ತದಾ ನೋಡಿ. ನೀರಿಲ್ಲದೆ ಓಡಿಸಬೇಡಿ, ಸೀಲ್ ಸುಟ್ಟು ಹೋಗುತ್ತದೆ.

ಹೊಸಮನೆ_ಅಂಕೋಲಾ: ಮೂರು ಬಕೆಟ್ ಹಿಡಿಯಿತು. ಒಂದು ಗಂಟೆಯಾದರೂ ಕೂದಲೆಳೆಯಷ್ಟೂ ಇಳಿದಿಲ್ಲ. ಆಮೇಲೆ ಮೋಟಾರ್ ಹಾಕಿದರೆ ಪೈಪಿನಲ್ಲಿ ಬುಳ್ ಬುಳ್ ಅಂತ ಸ್ವಲ್ಪ ಬಂದು ನಿಂತಿತು.

ಕಾಳಿ_ದಂಡೆ: ನೀರು ಇಳಿದಿಲ್ಲ ಅಂದರೆ ವಾಲ್ವ್ ಸರಿ ಇದೆ. ಅಲ್ಲಿಗೆ ಫುಟ್‌ವಾಲ್ವ್ ಕಥೆ ಮುಗಿಯಿತು. ಮೋಟಾರಿನಿಂದ ಬಾವಿನೀರಿಗೆ ಎಷ್ಟು ಅಡಿ?

ತಂತಿಮಾವ: ಪೈಪಿಗೆ ಎಲ್ಲೋ ಗಾಳಿ ಹಿಡಿದಿದೆ. ವಾಲ್ವ್ ಕಡೆಯೇ ನೋಡಿ.

ಹೊಸಮನೆ_ಅಂಕೋಲಾ: ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟೆ. 31 ಅಡಿ. ಅದೇನು ಮುಖ್ಯವಾ? ಮಳೆಗಾಲದಲ್ಲಿ ಕೈಗೆ ಸಿಗುವಷ್ಟು ಮೇಲೆ ಬರುತ್ತದಂತೆ.

ಕಾಳಿ_ದಂಡೆ: ಅದೇ ಮುಖ್ಯ! ಮೇಲೆ ಕೂತ ಮೋಟಾರ್ ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಪೈಪಿಗೆ ನೂಕುತ್ತದೆ. ಅದಕ್ಕೆ ಲೆಕ್ಕದಲ್ಲಿ 10 ಮೀಟರ್ ಚಿಲ್ಲರೆ (ಸುಮಾರು 34 ಅಡಿ) ಮಿತಿ, ಕೆಲಸದಲ್ಲಿ ಹೆಚ್ಚೆಂದರೆ 25 ಅಡಿ. ನಿಮ್ಮದು 31. ಈ ಮೇ ತಿಂಗಳಲ್ಲಿ ಚಿನ್ನದ ವಾಲ್ವ್ ಹಾಕಿದರೂ ಬರುವುದಿಲ್ಲ. ಬಾವಿಯೊಳಗೆ ಬಗ್ಗಿ ನೋಡಿ, ಅರ್ಧದಲ್ಲಿ ಮೆಟ್ಟಿಲೋ ಕಟ್ಟೆಯೋ ಇದೆಯಾ?

ಹೊಸಮನೆ_ಅಂಕೋಲಾ: ಇದೆ! 12 ಅಡಿ ಕೆಳಗೆ ಚಿರೆಕಲ್ಲಿನ ಒಂದು ಕಟ್ಟೆ. ಅದರಲ್ಲಿ ತುಕ್ಕು ಹಿಡಿದ ಎರಡು ಬೋಲ್ಟ್ ನೆಟ್ಟಗೆ ನಿಂತಿವೆ, ನಡುವೆ ಒಂದು ಕಪ್ಪೆ ಕೂತಿದೆ. ಮೊದಲ ದಿನವೇ ನೋಡಿದ್ದೆ. ಕೊಡ ಇಡುವ ಜಾಗ ಅಂದುಕೊಂಡಿದ್ದೆ.

ಕಾಳಿ_ದಂಡೆ: ಹಳೇ ಮಾಲೀಕರು ಬೇಸಿಗೆಯಲ್ಲಿ ಮೋಟಾರ್ ಅಲ್ಲಿಗೆ ಇಳಿಸುತ್ತಿದ್ದರು ಅಂತ ಕಾಣುತ್ತದೆ. ಅಲ್ಲಿಂದ ನೀರಿಗೆ 19 ಅಡಿ. ಬರುತ್ತದೆ. ಆದರೆ ನೀವೇ ಇಳಿಯಬೇಡಿ. ಬಾವಿ ಕೆಲಸದವರನ್ನು ಕರೆಸಿ, ಮೇನ್ ಸ್ವಿಚ್ ಆಫ್ ಮಾಡಿ, ಅರ್ಥಿಂಗ್ ನೋಡಿಸಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್) ಹಾಕಿಸಿ. ಜೂನ್ ಮಳೆಗೆ ಮೊದಲು ಮತ್ತೆ ಮೇಲೆತ್ತಬೇಕು, ಇಲ್ಲದಿದ್ದರೆ ಮೋಟಾರ್ ಮುಳುಗುತ್ತದೆ.

ತಂತಿಮಾವ: ಇಳಿಸುವಾಗ ಫುಟ್‌ವಾಲ್ವ್ ಕೂಡ ಒಮ್ಮೆ ನೋಡಿಸಿ.

ಹೊಸಮನೆ_ಅಂಕೋಲಾ: ಬಾವಿ ಕೆಲಸದವರು ನಾಳೆ ಬರುತ್ತೇನೆ ಅಂದು ಎರಡು ದಿನವಾಯಿತು. ಆಕಾಶ ನೋಡಿದರೆ ಇವತ್ತೇ ಮೋಡ. ಇಳಿಸಲೋ, ಮಳೆಗೆ ಕಾಯಲೋ?

ಹೊನ್ನಾವರ_ಹುಡುಗ: ನನಗೂ ಇದೇ ಸಮಸ್ಯೆ, ಆದರೆ ನಮ್ಮದು ಬೋರ್‌ವೆಲ್. ಯಾರಾದರೂ ಹೇಳಿ ಪ್ಲೀಸ್.